ಬಾಗಿಲಲ್ಲಿ ಅಮ್ಮನಿಲ್ಲದ ಹಾಡು
ಅಮೆರಿಕದ ಇಂಡಿಯಾನಾದ ಪಾಲ್ ಡ್ರೆಸರ್ ಭಾರಿ ಮೈಕಟ್ಟಿನ ಆಳು. ತಾನು ಕಟ್ಟಿದ ಹಾಡಿಗೆ ತಾನೇ ಕಣ್ಣೀರಿಡುತ್ತಿದ್ದನೆಂದು ಅವನ ತಮ್ಮ, ಕಾದಂಬರಿಕಾರ ಥಿಯೋಡರ್ ಡ್ರೈಸರ್ ಬರೆದಿದ್ದಾನೆ. ಆ ಕಣ್ಣೀರು ತೋರಿಕೆಯದಲ್ಲ. ಸಂಸಾರ ಬಡತನದಲ್ಲಿ ಬೇಯುತ್ತಿದ್ದಾಗ, 1882ರಲ್ಲಿ, ಅಮ್ಮ ಸಾರಾಳನ್ನೂ ಚಿಕ್ಕ ಮಕ್ಕಳನ್ನೂ ಎವಾನ್ಸ್‌ವಿಲ್‌ಗೆ ಕರೆಸಿ ಮನೆ ಮಾಡಿಕೊಟ್ಟವನು ಅವನೇ.

ಅಮ್ಮ 1890ರಲ್ಲಿ ತೀರಿಕೊಂಡಳು. ಅವನು ಕಟ್ಟಿದ 1897ರ ‘ಆನ್ ದ ಬ್ಯಾಂಕ್ಸ್ ಆಫ್ ದ ವಾಬಾಶ್’ ಹಾಡಿನಲ್ಲಿ ಹೊಳೆ, ಹೊಲ, ಬೆಳದಿಂಗಳು ಎಲ್ಲವೂ ಇವೆ. ಮಗನನ್ನು ಎದುರುಗೊಳ್ಳಲು ಬಾಗಿಲಲ್ಲಿ ನಿಲ್ಲುತ್ತಿದ್ದ ಅಮ್ಮನೊಬ್ಬಳಿಲ್ಲ. ಗುಣಗಾನವಿಲ್ಲ, ಗೋಳಾಟವಿಲ್ಲ, ಬರಿದಾದ ಬಾಗಿಲು ಅಷ್ಟೇ. ಇದನ್ನು ಅಗ್ಗದ ಭಾವುಕತೆ ಎನ್ನುವವರ ಮಾತನ್ನು ನಾನಂತೂ ಒಪ್ಪಲಾರೆ.

ಕೈ ಬಿಚ್ಚಿ ಕೊಡುತ್ತಿದ್ದ ಡ್ರೆಸರ್ 1906ರಲ್ಲಿ ಕಾಸಿಲ್ಲದೆ ಸತ್ತ. 1913ರಲ್ಲಿ ಇಂಡಿಯಾನಾ ಅದೇ ಹಾಡನ್ನು ತನ್ನ ನಾಡಗೀತೆ ಮಾಡಿಕೊಂಡಿತು.