‘ನಾಳೆ ಬಾ’ ಅನ್ನೋ ಕರ್ನಲ್

ಲಿನಕ್ಸ್ ಕರ್ನಲ್‌ನಲ್ಲಿ 517 ಅಂತ ಒಂದು ಎರರ್ ನಂಬರ್ ಇದೆ. ಅದರ ಹೆಸರು ‘ಇಪ್ರೋಬ್ ಡಿಫರ್’. ನಮ್ಮ ಕಡೆ ಹೇಳೋದಾದ್ರೆ, ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ ಬಾಗಿಲ ಮೇಲೆ ಬರೀತಿದ್ದ ‘ನಾಳೆ ಬಾ’.

ಎಂಬೆಡೆಡ್ ಬೋರ್ಡ್ ಮೇಲಿರೋ ಟಚ್‌ಸ್ಕ್ರೀನ್, ಕ್ಯಾಮೆರಾ, ಸೆನ್ಸರ್‌ಗಳಿಗೆಲ್ಲ ಡ್ರೈವರ್ ಬೇಕು. ತಾನು ಯಾವ ಚಿಪ್‌ಗೆ ಸೇರಿದ್ದು ಅಂತ ಡ್ರೈವರ್ ಕರ್ನಲ್ ಹತ್ತಿರ ನೋಂದಾಯಿಸಿಕೊಳ್ಳುತ್ತೆ. ಬೋರ್ಡಿನಲ್ಲಿ ಏನೇನಿದೆ ಅನ್ನೋದು ಡಿವೈಸ್ ಟ್ರೀಯಲ್ಲಿರುತ್ತೆ. ಎರಡೂ ತಾಳೆಯಾದ್ರೆ ಡ್ರೈವರಿನ ‘ಪ್ರೋಬ್’ ಫಂಕ್ಷನ್ ಓಡುತ್ತೆ; ತನಗೆ ಬೇಕಾದ ರೆಗ್ಯುಲೇಟರ್, ಕ್ಲಾಕ್ ಎಲ್ಲಿ ಅಂತ ಕೇಳುತ್ತೆ. ಅವು ಇನ್ನೂ ಬಂದಿಲ್ಲ ಅಂದ್ರೆ 517 ಕೊಟ್ಟು ಹಿಂದೆ ಸರಿಯುತ್ತೆ. ಬೇರೆ ಯಾವುದೋ ಸಾಧನ ಎದ್ದು ಕೂತಾಗ ಕರ್ನಲ್ ಕಾಯ್ತಿರೋರನ್ನ ಮತ್ತೆ ಕರೆಯುತ್ತೆ.

ಈ ವ್ಯವಸ್ಥೆ ಬಂದದ್ದು 2012ರಲ್ಲಿ, 3.4ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಪಾಡು ಕಂಡವರು ಇದನ್ನ ಬೈಯೋದಿಲ್ಲ. ಯಾರು ಮೊದಲು ಏಳಬೇಕು ಅನ್ನೋದನ್ನ ಇನಿಟ್‌ಕಾಲ್ ಹಂತಗಳಲ್ಲಿ, ಮೇಕ್‌ಫೈಲ್ ಸಾಲುಗಳ ಕ್ರಮದಲ್ಲಿ ಕೈಯಾರೆ ಹೊಂದಿಸಬೇಕಿತ್ತು. ಒಂದು ಬೋರ್ಡಿಗೆ ಸರಿಹೋದದ್ದು ಇನ್ನೊಂದಕ್ಕೆ ಎಡವಟ್ಟು.

ನನ್ನ ತಕರಾರು ಬೇರೆ. ಬರಬೇಕಾದವರು ಬರೋದೇ ಇಲ್ಲ ಅಂದ್ರೆ? ರೆಗ್ಯುಲೇಟರ್ ಡ್ರೈವರನ್ನ ಕರ್ನಲ್ ಕಾನ್ಫಿಗ್‌ನಲ್ಲಿ ಸೇರಿಸೋದೇ ಬಿಟ್ಟುಹೋಗಿದೆ ಅಂದ್ಕೊಳ್ಳಿ. ಸಿಸ್ಟಂ ಬೂಟ್ ಆಗುತ್ತೆ, ಪರದೆ ಮೇಲೆ ಚಿತ್ರ ಬರುತ್ತೆ, ಬೆರಳಿಗೆ ಮಾತ್ರ ಉತ್ತರವಿಲ್ಲ. ಹಳೆಯ ಕರ್ನಲ್ ಆದ್ರೆ ಲಾಗ್‌ನಲ್ಲೂ ಎಷ್ಟೋ ಸಲ ಏನೂ ಸಿಗೋದಿಲ್ಲ. 517 ನಿಜವಾದ ತಪ್ಪಲ್ಲ, ಬರೀ ಮುಂದೂಡಿಕೆ ಅಂತ ಡ್ರೈವರ್ ಬರೆದವರೇ ಅದರ ಬಾಯಿ ಕಟ್ಟಿರ್ತಾರೆ.

ರಿಪೇರಿ ನಡೆದಿಲ್ಲ ಅಂತಲ್ಲ. ಕಾಯ್ತಿರೋರ ಪಟ್ಟಿ ಈಗ ಡೀಬಗ್‌ಎಫ್‌ಎಸ್‌ನಲ್ಲಿದೆ. 2020ರಲ್ಲಿ ಬಂದ ‘ಡೆವ್ ಎರ್ ಪ್ರೋಬ್’ ಬಳಸಿದ್ರೆ ಹೆಸರಿನ ಪಕ್ಕ ಕಾರಣವೂ ಕಾಣುತ್ತೆ. ಇನ್ನೂ ಹೊಸ ಕರ್ನಲ್‌ಗಳು ಸ್ವಲ್ಪ ಹೊತ್ತು ನೋಡಿ, ‘ಪ್ರೋಬ್ ಇನ್ನೂ ಬಾಕಿ’ ಅಂತ ಲಾಗ್‌ನಲ್ಲೇ ಬರೆಯುತ್ತವೆ. ಆದ್ರೆ ಡ್ರೈವರ್ ಕಾರಣ ಹೇಳಿಲ್ಲದಿದ್ರೆ ಅದೇ ಸಾಲಿನಲ್ಲಿ ಇರೋದು: ‘ಕಾರಣ ತಿಳಿದಿಲ್ಲ’. ಯಾವ ರೆಗ್ಯುಲೇಟರ್ ಸಿಗಲಿಲ್ಲ ಅನ್ನೋದು ಪ್ರೋಬ್ ಓಡಿದ ಆ ಗಳಿಗೆಯಲ್ಲಿ ಡ್ರೈವರಿಗೆ ಗೊತ್ತಿತ್ತು. ಹೇಳಲಿಲ್ಲ, ಅಷ್ಟೆ.

ಹೆಸರು ಕೊಡದ ಡ್ರೈವರ್‌ಗೆ ಕರ್ನಲ್ ಸಾಧನ ಒಪ್ಪಿಸೋದಿಲ್ಲ. ಕಾರಣ ಕೊಡದ 517 ಅನ್ನ ಮಾತ್ರ ಯಾಕೆ ಸುಮ್ಮನೆ ಒಪ್ಪಿಕೊಳ್ಳಬೇಕು? ಡ್ರೈವರ್ ಕೋಡ್ ರಿವ್ಯೂ ಮಾಡೋರು ಇದೊಂದನ್ನ ಹಟ ಹಿಡಿದು ಕೇಳಿದ್ರೂ ಸಾಕು, ಬೋರ್ಡ್ ಮುಂದೆ ಕೂತು ರಾತ್ರಿ ಕಳೆಯೋರಿಗೆ ಅರ್ಧ ಕೆಲಸ ಉಳಿಯುತ್ತೆ.