ಗುಹೆಯ ಮಾತು, ಬಾವಿಯ ನೀರು: ‘ಎಣ್ಮಕಜೆ’ಯನ್ನು ಮತ್ತೆ ಓದುತ್ತ

ಪರಿಸರವನ್ನು ಕುರಿತ ಕಲೆಯೆಂದರೆ ಹಸಿರಿನ ವರ್ಣನೆ, ಕಳೆದುಹೋದ ಕಾಡಿಗಾಗಿ ಮರುಗುವ ದನಿ ಎಂಬ ಗ್ರಹಿಕೆ ನಮ್ಮ ವಿಮರ್ಶೆಯಲ್ಲಿ ಬಹುಕಾಲ ಉಳಿದುಬಂದಿದೆ. ಕಾಸರಗೋಡಿನ ಓದುಗನಿಗೆ ಈ ಗ್ರಹಿಕೆ ಸಾಲದು. ಇಲ್ಲಿ ಗುಡ್ಡ ಹಸಿರಾಗಿಯೇ ಇತ್ತು. ವಿಷವಿದ್ದುದು ಆ ಹಸಿರಿನ ಒಳಗೆ. ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ ‘ಎಣ್ಮಕಜೆ’ (೨೦೦೯) ಈ ಸ್ಥಿತಿಯನ್ನು ಎದುರಿಸಿದ ಕೃತಿ. ಕಾದಂಬರಿಗೆ ಹೆಸರು ಕೊಟ್ಟ ಊರು ಕನ್ನಡ, ತುಳು ಮಾತುಗಳ ನೆಲವಾದುದರಿಂದ ಅದರ ಮೌಲ್ಯಮಾಪನದ ಹೊಣೆ ನಮ್ಮ ಮೇಲೂ ಇದೆ.

ಹಿನ್ನೆಲೆ ಎಲ್ಲರಿಗೂ ತಿಳಿದದ್ದೇ. ಗೇರಿನ ಎಳೆಚಿಗುರು ಮತ್ತು ಹೂಗೊಂಚಲುಗಳ ರಸ ಹೀರುವ ಟೀ ಸೊಳ್ಳೆಯನ್ನು ಹತೋಟಿಯಲ್ಲಿಡಲೆಂದು ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳಿದ್ದುದು ಗುಡ್ಡದ ನೆತ್ತಿಯಲ್ಲಿ. ಮನೆ, ಬಾವಿ, ಸುರಂಗ, ತೋಡುಗಳಿದ್ದುದು ಕಣಿವೆಯಲ್ಲಿ. ಗಾಳಿ ಮತ್ತು ಮಳೆ ಉಳಿದ ಕೆಲಸ ಮಾಡಿದವು. ಪಡ್ರೆಯ ಆಸುಪಾಸಿನಲ್ಲಿ ರೋಗಗಳು ಒಂದೆಡೆ ಗುಂಪುಗೂಡಿರುವುದನ್ನು ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಪೆರಿಯದಲ್ಲಿ ಲೀಲಾಕುಮಾರಿಯಮ್ಮ ನ್ಯಾಯಾಲಯದ ಮೆಟ್ಟಿಲೇರಿದರು. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ಕೀಟನಾಶಕವನ್ನು ತಡೆಯಿತು. ಅದಕ್ಕೆ ಎರಡು ವರ್ಷ ಮೊದಲೇ ಈ ಕಾದಂಬರಿ ಬಂದಿತ್ತೆಂಬುದನ್ನು ನೆನಪಿನಲ್ಲಿಟ್ಟೇ ಅದನ್ನು ಓದಬೇಕು.

ಮನುಷ್ಯ ಸಮಾಜದಿಂದ ಬೇಸತ್ತು ಜಟಾಧಾರಿ ಗುಡ್ಡದಲ್ಲಿ ಬಾಳುತ್ತಿರುವ ಒಬ್ಬ ಗಂಡು, ಒಬ್ಬ ಹೆಣ್ಣು. ಮೊದಲಿಗೆ ಅವರಿಗೆ ಹೆಸರೂ ಇಲ್ಲ. ಹೆಣ್ಣು ಒಂದು ದಿನ ಮೈಯೆಲ್ಲ ಹುಣ್ಣಾದ ಮಗುವೊಂದನ್ನು ಮನೆಗೆ ತರುತ್ತಾಳೆ. ಅಲ್ಲಿಂದ ಅವರ ವಿರಕ್ತಿ ಮುರಿಯುತ್ತದೆ. ಅವರು ನೀಲಕಂಠನ್, ದೇವಯಾನಿಯರಾಗಿ ಮರಳಿ ಊರಿನವರಾಗುತ್ತಾರೆ. ಕಾಡಿಗೆ ಹೋದವನಿಗೂ ಬಿಡುಗಡೆಯಿಲ್ಲ, ಏಕೆಂದರೆ ವಿಷ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿದೆ ಎಂಬುದನ್ನು ಕಥೆಯ ನಡೆಯೇ ಕಾಣಿಸುತ್ತದೆ. ವಿಷಕಂಠನ ಹೆಸರು ಹೊತ್ತವನು ಈ ವಿಷವನ್ನು ಕಂಠದಲ್ಲಿ ತಡೆಯಲಾರ. ಕಾದಂಬರಿಯ ಅತ್ಯಂತ ಗಟ್ಟಿಯಾದ ಭಾಗವಿದು.

ಇದಕ್ಕೆ ಸಮನಾದ ಇನ್ನೊಂದು ಬಲ ದೈವದ ನಂಬಿಕೆಯನ್ನು ಲೇಖಕರು ನಡೆಸಿಕೊಂಡ ಬಗೆ. ಮಕ್ಕಳ ಅಂಗವೈಕಲ್ಯವನ್ನು ಊರು ಜಟಾಧಾರಿಯ ಮುನಿಸೆಂದು ತಿಳಿಯುತ್ತದೆ. ಈ ತಿಳಿವಳಿಕೆ ಯಾರಿಗೆ ಅನುಕೂಲ? ದೋಷ ದೈವದ್ದಾದರೆ ತೋಟದ ಲೆಕ್ಕಪುಸ್ತಕ ತೆರೆಯಬೇಕಾಗಿಲ್ಲ. ಆದರೆ ಲೇಖಕರು ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದಿಲ್ಲ. ಗುಡ್ಡ, ಗುಹೆ, ಪ್ರಾಣಿಗಳು ಮಾತನಾಡುವ ಲೋಕವನ್ನು ಅದೇ ಪುರಾಣದಿಂದ ಕಟ್ಟುತ್ತಾರೆ. ಗುಡ್ಡಕ್ಕೊಬ್ಬ ಒಡೆಯನಿದ್ದಾನೆ, ಅವನ ಅಪ್ಪಣೆಯಿಲ್ಲದೆ ಅಲ್ಲಿ ಏನನ್ನೂ ಮಾಡಬಾರದು ಎಂಬ ಅರಿವೂ ಆ ನಂಬಿಕೆಯೊಳಗೇ ಇದೆಯಷ್ಟೆ.

ಕೊರತೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ಹೋರಾಟದ ವಾದಗಳು ಪಾತ್ರಗಳ ಬಾಯಿಗೆ ಬಂದಂತೆ ಕಥನ ಸಡಿಲಗೊಳ್ಳುತ್ತದೆ. ಕೇಡು ಒಬ್ಬ ರಾಜಕಾರಣಿಯ ಕ್ರೌರ್ಯದಲ್ಲಿ ಮೈದಾಳುತ್ತದೆ. ನಡೆದದ್ದು ಮಾತ್ರ ಇದಕ್ಕಿಂತ ಭಯಂಕರ. ಅಲ್ಲಿ ಖಳನ ಅಗತ್ಯವೇ ಇರಲಿಲ್ಲ: ಕಡತ, ಟೆಂಡರು, ಸಿಂಪಡಣೆಯ ವೇಳಾಪಟ್ಟಿ, ಸಂಬಳಕ್ಕೆ ದುಡಿಯುವ ಸಾಮಾನ್ಯ ಜನ, ಇಷ್ಟೇ ಸಾಕಾಗಿದ್ದವು. ಕೊನೆಯಲ್ಲಿ ಆ ಇಬ್ಬರೂ ಮನುಷ್ಯರ ಗುರುತುಗಳನ್ನು ಕಳಚಿ ಪ್ರಾಣಿಗಳೊಡನೆ ಗುಹೆ ಸೇರುವ ಚಿತ್ರ ಮರೆಯಲಾಗದ್ದು. ಆದರೆ ಮಗುವನ್ನು ಹೆಗಲಿಗೇರಿಸಿಕೊಂಡು ಆಸ್ಪತ್ರೆಗೆ ಹೊರಟ ತಾಯಿಗೆ ಗುಹೆಯ ಬಾಗಿಲಿಲ್ಲ. ಅವಳು ಅದೇ ಬಾವಿಯಿಂದ ನಾಳೆಯೂ ನೀರು ಸೇದಬೇಕು.

ಭಾಷೆಯ ಪ್ರಶ್ನೆಯನ್ನು ಇಲ್ಲಿ ಅಸೂಯೆಯಿಲ್ಲದೆ ಎತ್ತಬೇಕು. ತುಳು, ಕನ್ನಡಗಳಲ್ಲಿ ಅನುಭವಿಸಿದ ಸಂಕಟ ಕಾದಂಬರಿಯಾದದ್ದು ರಾಜ್ಯಭಾಷೆಯಲ್ಲಿ. ಅದರಿಂದ ಕೇರಳದುದ್ದಕ್ಕೂ ಓದುಗರು ದೊರೆತರು, ೨೦೧೭ರಲ್ಲಿ ಜೆ. ದೇವಿಕಾ ಅವರ ಅನುವಾದದಲ್ಲಿ, ಎಣ್ಮಕಜೆಯದೇ ಒಂದು ಜಾಗದ ಹೆಸರಾದ ‘ಸ್ವರ್ಗ’ ಎಂಬ ಶೀರ್ಷಿಕೆಯಲ್ಲಿ, ಅದು ಇಂಗ್ಲಿಷಿಗೂ ಹೋಯಿತು. ಗಡಿಯಂಚಿನ ಊರೊಂದು ರಾಜಧಾನಿಯ ಕಣ್ಣಿಗೆ ಬೀಳಲು ಈ ದಾರಿ ಬೇಕಾಗಿತ್ತು. ಆದರೆ ನೋವನ್ನು ಹೇಳುವ ಮಾತು ಬದಲಾದಾಗ ನೋವಿನ ವಿವರವೂ ಸ್ವಲ್ಪ ಬದಲಾಗುತ್ತದೆ. ಕಷಾಯ, ಹರಕೆ, ದರ್ಶನ, ಸುರಂಗದ ನೀರಿನ ರುಚಿ, ಕರು ಹಾಕಿದ ಹಸುವಿನ ಬಗೆಗಿನ ಪಿಸುಮಾತು: ಇವು ಅಜ್ಜಿಯಂದಿರ ತುಳುವಿನಲ್ಲಿ, ಮನೆಗನ್ನಡದಲ್ಲಿ ಇರುವ ಸಾಕ್ಷ್ಯಗಳು. ಅವನ್ನು ಬರೆದುಕೊಳ್ಳುವ ಕೆಲಸ ಹೊರಗಿನ ಲೇಖಕರದ್ದಲ್ಲ.

ಇದೇ ದುರಂತವನ್ನು ಕುರಿತ ಡಾ. ಬಿಜು ಅವರ ‘ವಲಿಯ ಚಿರಕುಳ್ಳ ಪಕ್ಷಿಕಳ್’ (೨೦೧೫) ಚಿತ್ರಕ್ಕೆ ಪರಿಸರ ಸಂರಕ್ಷಣೆಯ ರಾಷ್ಟ್ರಪ್ರಶಸ್ತಿ ಸಂದಿತು. ಅದರ ನಾಯಕ ಒಬ್ಬ ಛಾಯಾಗ್ರಾಹಕ. ಈ ಆಯ್ಕೆ ಪ್ರಾಮಾಣಿಕವಾದುದು, ಏಕೆಂದರೆ ಹೊರಲೋಕ ಕಾಸರಗೋಡನ್ನು ಕಂಡದ್ದು ಕ್ಯಾಮರಾದ ಮೂಲಕವೇ. ಆದರೂ ಮಗುವಿನ ದೇಹವನ್ನು ಮತ್ತೆ ಮತ್ತೆ ತೋರಿಸುವ ಕಲೆಗೆ ಒಂದು ಮಿತಿಯಿದೆ. ಕನಿಕರ ಬೇಗ ಹುಟ್ಟುತ್ತದೆ, ಬೇಗ ಆರುತ್ತದೆ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೧೭ರ ಜನವರಿಯಲ್ಲಿ ಆದೇಶಿಸಿದ ಮೇಲೂ ತಾಯಂದಿರು ಬೀದಿಗಿಳಿಯಬೇಕಾಯಿತು.

ಹಾಗಾದರೆ ಕಲೆಯಿಂದ ಆದದ್ದೇನು? ಕಾದಂಬರಿಯೊಂದು ಕೀಟನಾಶಕವನ್ನು ನಿಷೇಧಿಸಲಾರದು. ಒಂದು ತೋಟದ ಆದಾಯದ ಲೆಕ್ಕದಲ್ಲಿ ಬಾವಿ, ಕರು, ಜೇನು, ಹುಟ್ಟಲಿರುವ ಮಗು ಸೇರಬೇಕೆಂಬ ಎಚ್ಚರವನ್ನು ಅದು ಓದುಗನಲ್ಲಿ ಉಳಿಸಬಲ್ಲದು. ‘ಎಣ್ಮಕಜೆ’ ಅಷ್ಟನ್ನು ಮಾಡಿದೆ. ಹೀಗಾಗಿ ಅದು ತನ್ನ ಕೊರತೆಗಳನ್ನು ಮೀರಿ ನಿಲ್ಲುತ್ತದೆ. ಬಾವಿಯ ಬಳಿ ಉಳಿದವರ ಕಥೆ ಅವರದೇ ಮಾತಿನಲ್ಲಿ ಬರಬೇಕಾಗಿದೆ. ಆ ಮಾತುಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅದು ಆಗಬೇಕು.