ಸಂತರು ಮರೆಮಾಚದ ಮಾತು

ಸಂತ ಇಗ್ನೇಷಿಯಸ್ ಲೊಯೋಲರ ಕಥೆಯನ್ನು ಜುಲೈ 31ರ ಹಬ್ಬದ ಪ್ರಬೋಧನೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿಯ ಗುಂಡು ಅವರ ಕಾಲನ್ನು ಮುರಿಯಿತು; ಯೋಧನಾಗಿ ಹಾಸಿಗೆ ಹಿಡಿದವರು ಸಂತರಾಗಿ ಎದ್ದರು. ಆದರೆ 1553ರಿಂದ 1555ರ ನಡುವೆ ಅವರೇ ಹೇಳಿ ಬರೆಸಿದ ಆತ್ಮಕಥನದಲ್ಲಿ ಇಷ್ಟು ಸಲೀಸಾದ ಮನಃಪರಿವರ್ತನೆ ಕಾಣಸಿಗುವುದಿಲ್ಲ.

ಮುರಿದ ಮೂಳೆ ಕೂಡಿಕೊಂಡಾಗ ಮೊಣಕಾಲಿನ ಕೆಳಗೆ ಉಬ್ಬೊಂದು ಉಳಿಯಿತು. ಲೋಕದ ಕಣ್ಣಿಗೆ ಅಂದಗೆಟ್ಟು ಕಾಣುವೆನಲ್ಲಾ ಎಂದು, ಅರಿವಳಿಕೆಯಿಲ್ಲದ ಆ ಕಾಲದಲ್ಲಿ, ಅದನ್ನು ಕೊಯ್ಯಿಸಿಕೊಂಡರು. ಮರಣದ ಬಾಗಿಲಿಗೆ ಹೋಗಿ ಬಂದ ಮೇಲೆಯೂ ಬಿಡದ ಒಣಹೆಮ್ಮೆ! ನೋವು ತಾನಾಗಿ ಯಾರನ್ನೂ ಪಾವನಗೊಳಿಸದೆಂಬುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಸಂತಚರಿತ್ರೆಯನ್ನು ನಾನು ಬೇರೆ ಓದಿಲ್ಲ.

ಓದಲು ಕೇಳಿದ್ದು ವೀರರ ಸಾಹಸಕಥೆಗಳನ್ನು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳು. ಲೌಕಿಕ ಕನಸುಗಳು ಆ ಹೊತ್ತಿಗೆ ಸುಖ ಕೊಟ್ಟು ಆಮೇಲೆ ಮನಸ್ಸನ್ನು ಒಣಗಿಸುತ್ತಿದ್ದವು. ಸಂತರ ನೆನಪು ಕಳೆದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ಸಣ್ಣ ವ್ಯತ್ಯಾಸವನ್ನು ಅವರು ಗಮನಿಸಿದರು, ಅಷ್ಟೆ. ಅಲ್ಲಿಂದ ಮುಂದಿನ ದಾರಿಯೂ ನೇರವಲ್ಲ. ಮನ್ರೇಸದಲ್ಲಿ ಎಷ್ಟು ಸಲ ಪಾಪನಿವೇದನೆ ಮಾಡಿದರೂ ನೆಮ್ಮದಿಯಿಲ್ಲದೆ ಜೀವವನ್ನೇ ಕಳೆದುಕೊಳ್ಳುವ ಆಲೋಚನೆ ಅವರನ್ನು ಕಾಡಿತು. ಕಾಯಿಲೆಯಿಂದ ಎದ್ದ ಮೇಲೂ ಹಳೆಯ ಸಿಟ್ಟು, ಹಳೆಯ ಅಂಜಿಕೆ ಹೋಗಲಿಲ್ಲವೆಂದು ತಮ್ಮ ವಿಶ್ವಾಸವನ್ನೇ ಶಂಕಿಸುವವರು ನಮ್ಮ ಮನೆಗಳಲ್ಲಿದ್ದಾರೆ. ಅವರ ಕೈಗೆ ಕೊಡಬೇಕಾದ ಪುಟಗಳಿವು.

ಕಥನದಲ್ಲಿ ‘ನಾನು’ ಎಂಬುದಿಲ್ಲ. ರೋಮಿನಲ್ಲಿ ಯೇಸುಸಭೆಯ ಮಹಾಧಿಪತಿಯಾಗಿದ್ದವರು ತಮ್ಮನ್ನು ಕರೆದುಕೊಂಡದ್ದು ‘ಯಾತ್ರಿಕ’ನೆಂದು. ಕುಲದ ಹೆಸರೂ ಅಲ್ಲ, ಪದವಿಯೂ ಅಲ್ಲ. ಬಾರ್ಸಿಲೋನದಲ್ಲಿ ಮೂವತ್ತು ದಾಟಿದ ಈ ಯಾತ್ರಿಕ ಲ್ಯಾಟಿನ್ ವ್ಯಾಕರಣ ಕಲಿಯುವಾಗ ಧ್ಯಾನದ ಸವಿಯೇ ಪಾಠಕ್ಕೆ ಅಡ್ಡಬಂತು. ಅದನ್ನೂ ಅವರು ಶೋಧನೆಯೆಂದೇ ಗುರುತಿಸಿದರು.

ಕೊನೆಯ ಅಧ್ಯಾಯಗಳು ಸೊರಗಿವೆ. ಊರಿಂದೂರಿಗೆ ಓಡುವ ಕಥನದಲ್ಲಿ ಒಳಗಿನ ಮಾತು ಕಡಿಮೆಯಾಗುತ್ತದೆ. 1540ರಲ್ಲಿ ಸಭೆಗೆ ಪೋಪರ ಮನ್ನಣೆ ದೊರೆತ ಪ್ರಸಂಗವನ್ನು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಅದಕ್ಕಿಂತ ಬೇಸರದ ಸಂಗತಿ ಬೇರೆಯಿದೆ. 1567ರಲ್ಲಿ ಸಭೆಯೇ ಇದರ ಪ್ರತಿಗಳನ್ನು ಹಿಂದಕ್ಕೆ ಪಡೆಯಿತು. 1572ರಲ್ಲಿ ರಿಬದನೇರರು ಬರೆದ ಚರಿತ್ರೆ ಅಚ್ಚಾಯಿತು. ಸಂತರು ಸ್ವತಃ ಹೇಳಿದ ಕಥೆ ಲ್ಯಾಟಿನ್ ಅನುವಾದವಾಗಿ ಬೆಳಕು ಕಂಡದ್ದು 1731ರಲ್ಲಿ.